34 ಡಿಗ್ರಿಗೇ ನಮ್ಮ ನಾಯಿ ಯಾಕೆ ಇಷ್ಟು ಏದುಸಿರು ಬಿಡ್ತದೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ ತೋಟದ ಮನೆ. ಬೊಳ್ಳು ಅಂತ 5 ವರ್ಷದ ಗಂಡು ಲ್ಯಾಬ್ (ಲ್ಯಾಬ್ರಡಾರ್) ಉಂಟು, 41 ಕೆಜಿ. ಮಾರ್ಚ್ ಬಂದ್ರೆ ಸಾಕು, ಇಡೀ ದಿನ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡ್ತಾ ಬಿದ್ದಿರ್ತಾನೆ. ಮೊಬೈಲಲ್ಲಿ ನೋಡಿದ್ರೆ 34 ಡಿಗ್ರಿ ಅಷ್ಟೇ. ರಾಯಚೂರಲ್ಲಿ ನನ್ನ ತಂಗಿ ಮನೆಯಲ್ಲಿ 42 ಆದ್ರೂ ಅವರ ನಾಯಿ ಆರಾಮ ಇರ್ತದಂತೆ. ಮೊನ್ನೆ ಸಂಜೆ 5 ಗಂಟೆಗೆ ವಾಕಿಂಗ್ ಹೋದವ ರಸ್ತೆ ಮಧ್ಯ ಕೂತೇ ಬಿಟ್ಟ, ಕಾಲು ನಡುಗ್ತಿತ್ತು, ಇಬ್ಬರು ಸೇರಿ ಎತ್ತಿ ತಂದದ್ದು. ಕೂದಲು ಬೋಳಿಸಬಹುದಾ? ಐಸ್ ನೀರು ಹಾಕಿದ್ರೆ ಶಾಕ್ ಆಗ್ತದೆ ಅಂತಾರೆ, ನಿಜವಾ? ಮಗಳು ವಿಷುವಿಗೆ ಬೆಂಗಳೂರಿಂದ ಅವಳ ಪಗ್ ಕರ್ಕೊಂಡು ಬರ್ತಾಳೆ, ಅದಕ್ಕೆ ಎಂತಾದ್ರೂ ಜಾಗ್ರತೆ ಬೇಕಾ?

ಉತ್ತರ: ರಸ್ತೆ ಮಧ್ಯ ಕೂತದ್ದರಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ನೀವು ಅದನ್ನು ಪ್ರಶ್ನೆಯ ನಡುವೆ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅದು ಹಠ ಅಲ್ಲ, ಸೋಮಾರಿತನವೂ ಅಲ್ಲ. ಮೈ ಕಾದು ಕಾಲು ನಡುಗಿ ನಾಯಿ ಕೂತುಬಿಡೂದು ಅಂದ್ರೆ ಹೀಟ್ ಸ್ಟ್ರೋಕಿನ ಬಾಗಿಲಿನ ವರೆಗೆ ಹೋಗಿ ಬಂದ ಹಾಗೆ. ಲ್ಯಾಬಿನ ಜಾತಿಯೇ ಹಾಗೆ, ಯಜಮಾನ ನಡೀತಾ ಇದ್ದಾನೆ ಅಂದ್ರೆ ಇವನೂ ನಡೀತಾನೆ, ತನಗೆ ಆಗೂದಿಲ್ಲ ಅಂತ ಮೊದಲೇ ಹೇಳುವ ಬುದ್ಧಿ ಅವಕ್ಕಿಲ್ಲ. ಅವ ಕೂತದ್ದು ಒಳ್ಳೇದಾಯ್ತು, ನೀವು ಎಳಕ್ಕೊಂಡು ಹೋಗದೆ ಎತ್ತಿ ತಂದದ್ದು ಇನ್ನೂ ಒಳ್ಳೇದಾಯ್ತು.

ಈಗ ರಾಯಚೂರಿನ ವಿಷಯ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರೂದಿಲ್ಲ, ಪಾದದ ಅಡಿಯಲ್ಲಿ ಸ್ವಲ್ಪ ಬೆವರ್ತದೆ, ಅದು ಲೆಕ್ಕಕ್ಕಿಲ್ಲ. ಅದರ ಫ್ಯಾನು, ಎಸಿ ಎಲ್ಲ ಬಾಯಿ-ಮೂಗೇ. ನಾಲಿಗೆ, ಮೂಗಿನ ಒಳಗಿನ ಪಸೆ ಆರುವಾಗ ಶಾಖ ತಕ್ಕೊಂಡು ಹೋಗ್ತದೆ, ಅದಕ್ಕೇ ಸುಮ್ಮನೆ ಮಲಗಿದಾಗ ನಿಮಿಷಕ್ಕೆ 20-30 ಸಲ ಉಸಿರಾಡುವ ನಾಯಿ ಸೆಕೆಗೆ 200ಕ್ಕಿಂತ ಮೇಲೆ ಹೋಗೂದು. ಆದ್ರೆ ಆ ಪಸೆ ಆರಬೇಕಾದ್ರೆ ಗಾಳಿ ಒಣಗಿರಬೇಕಲ್ಲ. ರಾಯಚೂರಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿಯ ತೇವಾಂಶ 20-25 ಶೇಕಡಕ್ಕೆ ಇಳೀತದೆ, ನಮ್ಮಲ್ಲಿ ಸಮುದ್ರದ ಗಾಳಿ, ತೋಟದ ಸ್ಪ್ರಿಂಕ್ಲರ್, ಎಲ್ಲ ಸೇರಿ ಗಾಳಿಯೇ ನೀರು ಕುಡಿದು ಕೂತಿರ್ತದೆ. ಅಂಗಳದಲ್ಲಿ ಹಾಕಿದ ಬೈರಾಸು (ಟವೆಲ್) ಇಲ್ಲಿ ಎಷ್ಟು ಹೊತ್ತಿಗೆ ಒಣಗ್ತದೆ, ತಂಗಿ ಮನೆಯಲ್ಲಿ ಎಷ್ಟು ಹೊತ್ತಿಗೆ ಒಣಗ್ತದೆ ಅಂತ ಒಮ್ಮೆ ಫೋನ್ ಮಾಡಿ ಕೇಳಿ, ಬೊಳ್ಳುವಿನ ನಾಲಿಗೆಯದ್ದೂ ಅದೇ ಕಥೆ. ಅವ ಎಷ್ಟು ಏದುಸಿರು ಬಿಟ್ರೂ ಮೈ ತಂಪಾಗೂದಿಲ್ಲ, ಮೇಲಿಂದ ಆ ಏದುಸಿರಿನ ಕೆಲಸಕ್ಕೇ ಮೈ ಇನ್ನಷ್ಟು ಕಾಯ್ತದೆ. ಹಾಗಂತ ರಾಯಚೂರಿನ 42 ನಾಯಿಗೆ ಹಿತ ಅಂತ ಅಲ್ಲ, ಅಲ್ಲಿಯೂ ಸಾಯ್ತವೆ. ನಾನು ಹೇಳೂದು ಇಷ್ಟೇ, ಮೊಬೈಲಲ್ಲಿ ತೋರಿಸುವ 34 ಅನ್ನುವ ನಂಬರ್ ನೋಡಿ ಇಲ್ಲಿ ಧೈರ್ಯ ತಕ್ಕೊಳ್ಳಬೇಡಿ, ಅದರ ಕೆಳಗೆ ಹ್ಯುಮಿಡಿಟಿ ಅಂತ ಸಣ್ಣದಾಗಿ ಇರ್ತದಲ್ಲ, ಅದನ್ನೂ ನೋಡಿ. ಇದರಿಂದಲೇ ಇನ್ನೊಂದು ತಿಳ್ಕೊಳ್ಳಿ: ನಾಯಿಯ ಬಾಯಿ ಮಾಡ್ಲಿಕ್ಕಾಗದ ಕೆಲಸವನ್ನು ನಾವು ಹೊರಗಿಂದ ಮಾಡಬೇಕು. ಮೈಗೆ ನೀರು, ಆ ನೀರಿನ ಮೇಲೆ ಗಾಳಿ. ಎರಡೂ ಒಟ್ಟಿಗೆ ಬೇಕು. ಬರೀ ಫ್ಯಾನ್ ಹಾಕಿದ್ರೆ ಬೆವರದ ಮೈಗೆ ನಮ್ಮಷ್ಟು ಪ್ರಯೋಜನ ಇಲ್ಲ, ಬರೀ ನೀರು ಹಾಕಿ ಗಾಳಿಯಾಡದ ಮೂಲೆಯಲ್ಲಿ ಕಟ್ಟಿದ್ರೆ ಅದೂ ಅರ್ಧ ಕೆಲಸ.

ತೂಕದ ವಿಷಯ ಬೇಜಾರು ಮಾಡ್ಕೊಳ್ಳಬೇಡಿ. ಗಂಡು ಲ್ಯಾಬ್ ಅಂದ್ರೆ 29ರಿಂದ 36 ಕೆಜಿ ಅಂತ ಲೆಕ್ಕ, ನಿಮ್ಮವ 41. ಕೊಬ್ಬು ಅಂದ್ರೆ ಒಳಗಿನ ಸ್ವೆಟರ್, ಬಿಸಿ ಹೊರಗೆ ಬಿಡೂದಿಲ್ಲ, ಉಸಿರಾಟಕ್ಕೂ ಅಡ್ಡ. ಪಕ್ಕೆಲುಬು ಕೈಗೆ ಸಿಗ್ತದಾ ನೋಡಿ, ಒತ್ತಿ ಹುಡುಕಬೇಕಾದ್ರೆ ಜಾಸ್ತಿ ಆಗಿದೆ ಅಂತ ಅರ್ಥ. ಊಟ ಆದಮೇಲೆ ಉಳಿದ ಅನ್ನ ಎಲ್ಲಾ ಅವನ ಬಟ್ಟಲಿಗೆ ಹಾಕೂದು ನಿಲ್ಲಿಸಿ, ಆದ್ರೆ ಈಗ ಏಪ್ರಿಲಲ್ಲಿ ಓಡಿಸಿ ತೂಕ ಇಳಿಸ್ಲಿಕ್ಕೆ ಹೋಗ್ಬೇಡಿ, ಅದು ಜೂನಲ್ಲಿ ಮಳೆ ಬಂದಮೇಲೆ ನೋಡುವ. ಅಡಕೆ ತೂಗುವ ತಕ್ಕಡಿ ಮನೆಯಲ್ಲೇ ಉಂಟಲ್ಲ, 15 ದಿನಕ್ಕೊಮ್ಮೆ ನಿಲ್ಲಿಸಿ ಬರೆದಿಡಿ.

ಇನ್ನು ಜಾಗ. ನೀವು ಎಲ್ಲಿ ಕಟ್ಟೂದು ಅಂತ ಬರೆದಿಲ್ಲ, ಆದ್ರೆ ನಾನು ಈ ಕಡೆ 20 ವರ್ಷದಿಂದ ಮನೆ ಮನೆ ನೋಡಿದ್ದೇನೆ, ಊಹೆ ಮಾಡಬಹುದು. ಒಂದೋ ಕಾರ್ ಪೋರ್ಚಿನ ಶೀಟಿನ ಅಡಿ, ಇಲ್ಲದಿದ್ರೆ ಅಂಗಳದ ಬದಿಯ ಮರದ ಬುಡ. ಶೀಟ್ ಅಡಿಯಲ್ಲಿ ಮಧ್ಯಾಹ್ನ 2 ಗಂಟೆಗೆ ನೀವೇ ಹೋಗಿ ನಾಯಿಯ ಎತ್ತರಕ್ಕೆ ಕೂತು 10 ನಿಮಿಷ ನೋಡಿ, ಹೇಳುವ ಅಗತ್ಯವೇ ಇಲ್ಲ. ಶೀಟಿನ ಮೇಲೆ ಒಣ ಮಡಲು ಅಥವಾ ಅಡಕೆ ಸೋಗೆ ದಪ್ಪಕ್ಕೆ ಹಾಸಿ ಕಟ್ಟಿದ್ರೆ ಎಷ್ಟೋ ಕಮ್ಮಿ ಆಗ್ತದೆ, ಖರ್ಚೂ ಇಲ್ಲ. ಮರದ ಬುಡ ಒಳ್ಳೇದೇ, ಆದ್ರೆ ಬೆಳಿಗ್ಗೆ ಕಟ್ಟಿ ತೋಟಕ್ಕೆ ಹೋದವರು 11 ಗಂಟೆಗೆ ನೆರಳು ಎಲ್ಲಿಗೆ ಹೋಯ್ತು ಅಂತ ನೋಡೂದಿಲ್ಲ. ನೆರಳು ಸರೀತದೆ, ಸಂಕಲೆ ಸರಿಯೂದಿಲ್ಲ. ನೀರಿನ ಬಟ್ಟಲು ಬಿಸಿಲಿಗೆ ಬಿದ್ದು ಚಹಾದ ಹಾಗೆ ಆಗಿರ್ತದೆ, ಅಥವಾ ಸಂಕಲೆ ಸಿಕ್ಕಿ ಅಡಿ ಮೇಲಾಗಿರ್ತದೆ. ಕಟ್ಟೂದು ಬೇಡ ಅಂತ ನಾನು ಹೇಳಿದ್ರೆ ಕೋಳಿ ಹಿಡೀತಾನೆ ಅಂತ ನೀವು ಹೇಳ್ತೀರಿ, ಸರಿ, 11ರಿಂದ 4ರ ವರೆಗಾದ್ರೂ ಒಳಗೆ ಬಿಡಿ, ಚಾವಡಿಯ ಸಾರಣೆ ನೆಲ, ಬಚ್ಚಲಿನ ಹತ್ತಿರದ ತಂಪು ಮೂಲೆ, ಎಲ್ಲಿ ಅವನೇ ಹೋಗಿ ಹೊಟ್ಟೆ ಚಪ್ಪಟೆ ಮಾಡಿ ಬೀಳ್ತಾನೋ ಅಲ್ಲಿ. ಜಾಗ ಆರಿಸೂದ್ರಲ್ಲಿ ನಾಯಿ ನಮಗಿಂತ ಹುಷಾರು. ಬಿಸಿಲಲ್ಲಿ ಕೆಲಸ ಮಾಡುವವರಿಗೆ ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ವಿಶ್ರಾಂತಿ ಕೊಡಬೇಕು ಅಂತ ಕೇರಳದ ಲೇಬರ್ ಡಿಪಾರ್ಟ್‌ಮೆಂಟ್ ಆದೇಶ ಹೊರಡಿಸ್ತದಲ್ಲ, ನಾಯಿಗೂ ಅದೇ ಆದೇಶ ಅಂತ ಇಟ್ಕೊಳ್ಳಿ.

ಅಡಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡಿನ ಒಳಗೆ ಅಥವಾ ಅದಕ್ಕೆ ತಾಗಿ ಮಾತ್ರ ಯಾವತ್ತೂ ಕಟ್ಟಬೇಡಿ. ಅಡಕೆಗೆ ಬೇಕಾದ ಶಾಖ ಅದು.

ಮತ್ತೆ ಈಗಿನ ಹೊಸ ಪೀಡೆ, ಅಂಗಳಕ್ಕೆ ಹಾಸುವ ಸಿಮೆಂಟ್ ಕಲ್ಲು, ಅಂದ್ರೆ ಇಂಟರ್‌ಲಾಕ್. ಮಣ್ಣಿನ ಅಂಗಳ ಇದ್ದ ಕಾಲದಲ್ಲಿ ನಾಯಿ ಕಾಲು ಸುಟ್ಟುಕೊಂಡು ಬಂದದ್ದು ನಾನು ಅಪರೂಪಕ್ಕೆ ನೋಡಿದ್ದು, ಈಗ ಪ್ರತಿ ಏಪ್ರಿಲಲ್ಲಿ ಪಾದದ ಚರ್ಮ ಕಿತ್ತು ಬಂದ ಕೇಸ್ ಬರ್ತದೆ. ಅಂಗೈಯ ಹಿಂಬದಿ ಇಂಟರ್‌ಲಾಕಿನ ಮೇಲೋ ಡಾಂಬರಿನ ಮೇಲೋ ಇಟ್ಟು 7ರ ವರೆಗೆ ಎಣಿಸಿ, ಇಡ್ಲಿಕ್ಕಾಗದಿದ್ರೆ ಅವನೂ ಅಲ್ಲಿ ನಡೀಬಾರದು. ಸಂಜೆ 5 ಗಂಟೆಗೆ ಬಿಸಿಲು ಇಳಿದಿರ್ತದೆ, ರಸ್ತೆ ಇಳಿದಿರೂದಿಲ್ಲ, ಅದು ಬೆಳಿಗ್ಗೆಯಿಂದ ಕುಡಿದ ಬಿಸಿಯನ್ನು ಆವಾಗ ಬಿಡ್ತಾ ಇರ್ತದೆ, ನಾಯಿಯ ಹೊಟ್ಟೆ ಆ ರಸ್ತೆಯಿಂದ ಸುಮಾರು ಒಂದು ಅಡಿ ಮೇಲೆ ಅಷ್ಟೇ. ಹಾಗಾಗಿ ಸಂಜೆ ವಾಕಿಂಗ್ 7ರ ಮೇಲೆ, ಬೆಳಿಗ್ಗೆ ಆದ್ರೆ 6ಕ್ಕೆ ಹೊರಟು ಬೇಗ ವಾಪಸ್. ಬೆಳಿಗ್ಗೆ ಬಿಸಿಲು ಇಲ್ಲದಿದ್ರೂ ತೇವಾಂಶ ಎಲ್ಲಕ್ಕಿಂತ ಜಾಸ್ತಿ ಇರೂದು ಆವಾಗಲೇ, ಅದಕ್ಕೆ ಚೆಂಡು ಬಿಸಾಡಿ ಓಡಿಸುವ ಆಟ ಬೇಡ, ಸುಮ್ಮನೆ ಮೂಸಿಕೊಂಡು ನಡೆಯುವಷ್ಟೇ ಸಾಕು. ಹೀಟ್ ಸ್ಟ್ರೋಕ್ ಅಂದ್ರೆ ಎಲ್ಲರೂ ಕಾರಲ್ಲಿ ಬಿಟ್ಟ ನಾಯಿ ಅಂತಲೇ ನೆನಸೂದು, ಬ್ರಿಟನ್ನಿನಲ್ಲಿ ರಾಯಲ್ ವೆಟರ್ನರಿ ಕಾಲೇಜಿನವರು ಲಕ್ಷಾಂತರ ನಾಯಿಗಳ ರೆಕಾರ್ಡ್ ನೋಡಿದಾಗ ಹೆಚ್ಚಿನ ಕೇಸ್ ಬಂದದ್ದು ಓಡಾಟ, ವ್ಯಾಯಾಮದಿಂದ, ಕಾರಿಂದ ಅಲ್ಲ. ಹಾಗಂತ ಕಾರು ಸೇಫ್ ಅಲ್ಲ, 2005ರಲ್ಲಿ ಅಮೆರಿಕದ ಡಾಕ್ಟರುಗಳು ಅಳೆದು ನೋಡಿದ್ದುಂಟು, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರ್ತದೆ, ಅದರ 80 ಶೇಕಡ ಮೊದಲ ಅರ್ಧ ಗಂಟೆಯಲ್ಲೇ, ಗ್ಲಾಸ್ ಸ್ವಲ್ಪ ಇಳಿಸಿಟ್ರೆ ಹೇಳುವಂಥ ವ್ಯತ್ಯಾಸ ಇಲ್ಲ. ಕುಂಬಳೆಯಲ್ಲಿ ಮೀನು ತಕ್ಕೊಂಡು 5 ನಿಮಿಷದಲ್ಲಿ ಬರ್ತೇನೆ ಅಂದವರು ಯಾರೂ 5 ನಿಮಿಷದಲ್ಲಿ ಬರೂದಿಲ್ಲ, ಮಾರಾಯ್ರೆ.

ಈಗ ಐಸ್ ನೀರು. ಇದರಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಪ್ರಾಕ್ಟೀಸ್ ಶುರು ಮಾಡಿದ ಸಮಯ, ಯಾರಾದ್ರೂ ಫೋನ್ ಮಾಡಿ ನಾಯಿ ಬಿದ್ದಿದೆ ಡಾಕ್ಟ್ರೇ ಅಂದ್ರೆ ನಾನು ಕೂಡ್ಲೇ ಕರ್ಕೊಂಡು ಬನ್ನಿ ಅಂತಷ್ಟೇ ಹೇಳ್ತಿದ್ದೆ. ಒಂದು ಮೇ ತಿಂಗಳು ಒಳಗಿನ ಊರಿಂದ ಒಬ್ಬರು ಬಾಕ್ಸರ್ ನಾಯಿಯನ್ನು ತಂದರು. ನನ್ನ ಮಾತಿನ ಹಾಗೆ ಒಂದು ನಿಮಿಷ ತಡ ಮಾಡದೆ ಹೊರಟಿದ್ದರು, ಮುಕ್ಕಾಲು ಗಂಟೆ ದಾರಿ, ಗಾಳಿ ತಾಗಬಾರದು ಅಂತ ಗ್ಲಾಸ್ ಏರಿಸಿ, ನಾಯಿಯನ್ನು ಒದ್ದೆ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿ ತಂದಿದ್ದರು. ಕಂಬಳಿ ಬಿಚ್ಚುವಾಗ ಒಳಗಿಂದ ಹಬೆ ಬಂದ ಹಾಗೆ ಆಯ್ತು, ಥರ್ಮಾಮೀಟರ್ ಇಟ್ಟರೆ 109 ಫ್ಯಾರನ್‌ಹೀಟಿನ ಮೇಲೆ. ಉಳೀಲಿಲ್ಲ. ಅವರ ಮನೆ ಹಿತ್ತಿಲಲ್ಲಿ ಸುರಂಗದ (ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು ಬಂದು ಬೀಳುವ ಟ್ಯಾಂಕಿ ಇತ್ತು ಅಂತ ಆಮೇಲೆ ಮಾತಾಡುವಾಗ ಗೊತ್ತಾಯ್ತು. ಆ ಟ್ಯಾಂಕಿಗೆ 10 ನಿಮಿಷ ಇಳಿಸಿ ಆಮೇಲೆ ಹೊರಡಿ ಅಂತ ನಾನು ಹೇಳಬೇಕಿತ್ತು. ಈಗ ಅದನ್ನೇ ಹೇಳೂದು, ಮೊದಲು ತಂಪು, ಆಮೇಲೆ ಕಾರು. ಬ್ರಿಟನ್ನಿನ ಆ ರೆಕಾರ್ಡುಗಳಲ್ಲೂ ಹೊರಡುವ ಮೊದಲು ತಂಪು ಮಾಡಿಸಿಕೊಂಡ ನಾಯಿ ಐದರಲ್ಲಿ ಸುಮಾರು ಒಂದು ಮಾತ್ರ, ಅಂದ್ರೆ ಈ ತಪ್ಪು ನಮ್ಮ ಊರಿನದ್ದು ಮಾತ್ರ ಅಲ್ಲ.

ಐಸ್ ನೀರಿಂದ ಶಾಕ್ ಆಗ್ತದೆ, ರಕ್ತನಾಳ ಮುಚ್ಚಿ ಬಿಸಿ ಒಳಗೇ ಉಳೀತದೆ ಅಂತ ನಮಗೂ ಕಾಲೇಜಲ್ಲಿ ಹೇಳಿಕೊಟ್ಟಿದ್ದರು. ಈಗ ಆ ಮಾತಿಗೆ ಹೆಚ್ಚು ಬೆಲೆ ಇಲ್ಲ, ಬಿಸಿಯಲ್ಲಿ ಕಳೆದ ಪ್ರತಿ ನಿಮಿಷವೇ ತಣ್ಣೀರಿಗಿಂತ ದೊಡ್ಡ ಅಪಾಯ ಅಂತ ಗೊತ್ತಾಗಿದೆ. ಐಸ್ ಹುಡುಕ್ತಾ ಕೂರೂದೂ ಬೇಡ, ಐಸ್ ಇಲ್ಲ ಅಂತ ಸುಮ್ಮನೆ ಕೂರೂದೂ ಬೇಡ, ಬಾವಿ ನೀರು, ಸುರಂಗದ ನೀರು, ನಳ್ಳಿ ನೀರು, ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರೂ ಆಗ್ತದೆ. ಒಂದೇ ಒಂದು ಎಚ್ಚರಿಕೆ, ಹೋಸ್ ಪೈಪು ಬಿಸಿಲಲ್ಲಿ ಬಿದ್ದಿದ್ರೆ ಅದರಲ್ಲಿ ಮೊದಲು ಬರೂದು ಸ್ನಾನದ ನೀರಿಗಿಂತ ಬಿಸಿ ಇರ್ತದೆ, ಅದನ್ನು ಗಿಡಕ್ಕೆ ಬಿಟ್ಟು ಕೈಗೆ ತಣ್ಣಗೆ ತಾಗಿದ ಮೇಲೆ ನಾಯಿಗೆ ಹಿಡೀರಿ.

ಮಾಡೂದು ಹೀಗೆ. ನೆರಳಿಗೆ ತನ್ನಿ, ಬೆಲ್ಟ್ ಬಿಚ್ಚಿ. ಬೊಳ್ಳುವಿನ ಹಾಗೆ ಗಟ್ಟಿಮುಟ್ಟು ನಾಯಿ, ಎಚ್ಚರ ಉಂಟು ಅಂತಾದ್ರೆ ಟ್ಯಾಂಕಿಯಲ್ಲೋ ತೋಡಿನ (ಹಳ್ಳದ) ಕಟ್ಟದಲ್ಲೋ ಕುತ್ತಿಗೆ ವರೆಗೆ ಇಳಿಸಿ, ತಲೆ ನೀವು ಹಿಡ್ಕೊಂಡಿರಿ. ವಯಸ್ಸಾದ ನಾಯಿ, ಹಾರ್ಟಿನ ತೊಂದರೆ ಇರುವ ನಾಯಿಯಾದ್ರೆ ಮುಳುಗಿಸೂದು ಬೇಡ, ಮೈ ಪೂರ್ತಿ ಬುಡದ ವರೆಗೆ ಒದ್ದೆ ಆಗುವ ಹಾಗೆ ನೀರು ಹೊಯ್ತಾ ಪೆಡೆಸ್ಟಲ್ ಫ್ಯಾನ್ ತಿರುಗಿಸಿ, ಕರೆಂಟ್ ಇಲ್ಲದಿದ್ರೆ ಅಡಕೆ ಹಾಳೆಯಲ್ಲಿ ಗಾಳಿ ಹಾಕಿ, ಆಗ್ತದೆ. ಲ್ಯಾಬಿನ ಮೇಲಿನ ಕೂದಲು ನೀರು ಜಾರಿಸ್ತದೆ, ಎರಡು ಚೊಂಬು ಹೊಯ್ದು ಒದ್ದೆ ಆಯ್ತು ಅಂತ ನಮಗೆ ಕಾಣ್ತದೆ, ಕೂದಲು ಬಿಡಿಸಿ ನೋಡಿದ್ರೆ ಚರ್ಮ ಒಣಗಿಯೇ ಇರ್ತದೆ. ಹಾಗಾಗಿ ಕೈಯಲ್ಲಿ ಎದುರು ದಿಕ್ಕಿಗೆ ತಿಕ್ಕಿ ತಿಕ್ಕಿ ಹೊಯ್ಯಿರಿ, ಹೊಟ್ಟೆ, ತೊಡೆಯ ಸಂದು, ಕಂಕುಳು ಬಿಡಬೇಡಿ. ಒದ್ದೆ ಬೈರಾಸು, ಗೋಣಿ ಹೊದಿಸಿ ಬಿಡೂದು ಬೇಡವೇ ಬೇಡ, 2 ನಿಮಿಷದಲ್ಲಿ ಅದೇ ಬಿಸಿಯಾಗಿ ಗಾಳಿಯನ್ನೂ ತಡೀತದೆ. ಕುಡೀಲಿಕ್ಕೆ ಎದುರು ಇಡಿ, ಅವನೇ ಕುಡಿದ್ರೆ ಕುಡೀಲಿ, ಪ್ರಜ್ಞೆ ಸರಿ ಇಲ್ಲದ ನಾಯಿಯ ಬಾಯಿಗೆ ಹೊಯ್ದ್ರೆ ಶ್ವಾಸಕೋಶಕ್ಕೆ ಹೋಗ್ತದೆ.

ಒಂದು ಡಿಜಿಟಲ್ ಥರ್ಮಾಮೀಟರ್ ನಾಯಿಗಂತಲೇ ಬೇರೆ ತಂದಿಡಿ. ತುದಿಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಗುದದಲ್ಲಿ ಒಂದು ಇಂಚು ಇಟ್ಟು ನೋಡೂದು. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಮಾಮೂಲು, ಇದು ಗೊತ್ತಿಲ್ಲದೆ 101 ನೋಡಿ ಜ್ವರ ಅಂತ ಪ್ಯಾರಾಸಿಟಮೊಲ್ ತಿನ್ನಿಸಿದವರು ಎಷ್ಟೋ ಜನ. 104 ಆದ್ರೆ ನೀರು ಹಾಕ್ಲಿಕ್ಕೆ ಶುರು ಮಾಡಿ, 106ರ ಮೇಲೆ ಅಂದ್ರೆ ಜೀವದ ಪ್ರಶ್ನೆ. ತಂಪು ಮಾಡ್ತಾ 103.5ಕ್ಕೆ ಬಂದ ಕೂಡ್ಲೇ ನಿಲ್ಲಿಸಿ, ಅದು ತನ್ನಷ್ಟಕ್ಕೆ ಇನ್ನೂ ಸ್ವಲ್ಪ ಇಳೀತದೆ. ಪ್ಯಾರಾಸಿಟಮೊಲ್, ಬ್ರೂಫೆನ್ ಎಂತದೂ ಕೊಡ್ಬೇಡಿ, ಇದು ಸೋಂಕಿನ ಜ್ವರ ಅಲ್ಲ, ಮೆದುಳು ಬೇಕಂತಲೇ ಏರಿಸಿದ ಬಿಸಿ ಅಲ್ಲ, ಮಾತ್ರೆಗೆ ಇಳೀಲಿಕ್ಕೆ ದಾರಿಯೇ ಇಲ್ಲ, ಮೊದಲೇ ಪೆಟ್ಟು ತಿಂದ ಲಿವರ್-ಕಿಡ್ನಿಗೆ ಇನ್ನೊಂದು ಪೆಟ್ಟು ಅಷ್ಟೇ. ನೀರುಳ್ಳಿ ರಸ ಹಚ್ಚೂದು, ಕುಡಿಸೂದು ಅಂತ ಅಜ್ಜಿ ಮದ್ದು ಕೆಲವರು ಮಾಡ್ತಾರೆ, ನೀರುಳ್ಳಿ ನಾಯಿಯ ರಕ್ತಕಣ ಒಡೀತದೆ, ಹತ್ತಿರ ತರಬೇಡಿ.

ಯಾವಾಗ ಗಾಬರಿ ಆಗಬೇಕು ಅಂದ್ರೆ, ಏದುಸಿರು ನೆರಳಿಗೆ ಬಂದು 10-15 ನಿಮಿಷ ಆದ್ರೂ ನಿಲ್ಲೂದಿಲ್ಲ, ಜೊಲ್ಲು ಹಗ್ಗದ ಹಾಗೆ ದಪ್ಪ, ತುಟಿ ಎತ್ತಿ ನೋಡಿದ್ರೆ ಒಸಡು ಕುಂಕುಮದ ಹಾಗೆ ಕೆಂಪು (ಆಮೇಲೆ ಬಿಳಿಚಿ ನೀಲಿ ಆಗ್ತದೆ, ಅದು ಇನ್ನೂ ಕೆಟ್ಟದು), ಕುಡಿದವರ ಹಾಗೆ ತೂರಾಡೂದು, ಕರೆದ್ರೆ ತಿರುಗಿ ನೋಡದೇ ಇರೂದು, ವಾಂತಿ-ಭೇದಿ. ಇದರಲ್ಲಿ ಒಂದು ಕಂಡ್ರೂ ನೀರು ಹಾಕ್ತಾ ಡಾಕ್ಟ್ರಿಗೆ ಫೋನ್ ಮಾಡಿ. ಕಾರಲ್ಲಿ ಎಸಿ ಫುಲ್, ಎಸಿ ಇಲ್ಲದಿದ್ರೆ ಎಲ್ಲ ಗ್ಲಾಸ್ ಕೆಳಗೆ, ಒದ್ದೆ ಮೈಗೆ ಗಾಳಿ ಬಡೀತಾ ಬರ್ಲಿ, ಸೀಟ್ ಒದ್ದೆ ಆಗ್ತದೆ, ಆಗ್ಲಿ. ಮತ್ತೆ ಎದ್ದು ನಿಂತ, ಬಾಲ ಅಲ್ಲಾಡಿಸಿದ, ಇನ್ನೆಂತಕ್ಕೆ ಡಾಕ್ಟ್ರು ಅಂತ ಬಿಡಬೇಡಿ. ಬಿಸಿಯಿಂದ ಕರುಳು, ಕಿಡ್ನಿ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗೆ ಆದ ಪೆಟ್ಟು ಕಾಣೂದು ಆಮೇಲೆ ಒಂದರಿಂದ ಮೂರು ದಿನದಲ್ಲಿ, ಕಪ್ಪು ಅಥವಾ ರಕ್ತದ ಭೇದಿ, ಒಸಡಲ್ಲಿ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆ, ಮೂತ್ರ ಕಮ್ಮಿ. ನಿಮ್ಮ ಬೊಳ್ಳುವಿಗೆ ಮೊನ್ನೆ ಆದಮೇಲೆ ಇಂಥದ್ದೇನೂ ಆಗಿಲ್ಲ ಅಂತ ಅಂದ್ಕೊಳ್ತೇನೆ, ಆದ್ರೂ ಒಮ್ಮೆ ಹತ್ತಿರದ ಮೃಗಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ರಕ್ತ ಪರೀಕ್ಷೆ ಹೇಳ್ಲಿಕ್ಕೆ ಇನ್ನೊಂದು ಕಾರಣ ಉಂಟು, ಉಣ್ಣಿ. ತೋಟದ ಮನೆ ಅಂದಮೇಲೆ ಉಣ್ಣಿ ಇದ್ದೇ ಇರ್ತದೆ, ಉಣ್ಣಿ ಜ್ವರವೂ ಏದುಸಿರು-ಸುಸ್ತು ಅಂತಲೇ ಕಾಣೂದು, ಸೆಕೆಗೆ ಹಾಗಾಗಿದೆ ಅಂತ ಮನೆಯವರು ವಾರಗಟ್ಟಲೆ ಬಿಟ್ಟಿರ್ತಾರೆ. ಸೆಕೆಯಾದ್ರೆ ರಾತ್ರಿ ತಂಪಿಗೆ ಸರಿ ಆಗ್ತದೆ, ತಿಂಡಿ ತಿನ್ತದೆ. ಬೆಳಗಾತ 5 ಗಂಟೆಗೆ ನೋಡಿದ್ರೂ 104, ಒಸಡು ಬಿಳಿ, ಮೂಗಲ್ಲಿ ರಕ್ತ ಅಥವಾ ಮೂತ್ರ ಕಾಫಿ ಬಣ್ಣ ಅಂತಾದ್ರೆ ಅದು ಉಣ್ಣಿಯ ಕೆಲಸ, ನೀರು ಹೊಯ್ದು ಹೋಗೂದಲ್ಲ.

ಕೂದಲು ಬೋಳಿಸಬೇಡಿ. ಲ್ಯಾಬಿಗೆ ಎರಡು ಪದರದ ಕೂದಲು, ಮೇಲಿನದ್ದು ಬಿಸಿಲಿಗೆ ಮಾಡು (ಚಾವಣಿ) ಇದ್ದ ಹಾಗೆ, ಅದು ಹೋದ್ರೆ ಚರ್ಮ ನೇರ ಸುಡ್ತದೆ, ಮತ್ತೆ ಬರುವಾಗ ಅಡ್ಡಾದಿಡ್ಡಿ ಬರ್ತದೆ. ಬಾಚಿ, ದಿನಾ ಬಾಚಿ, ಈ ಸಮಯದಲ್ಲಿ ಉದುರುವ ಒಳಗಿನ ಹತ್ತಿಯಂಥ ಕೂದಲು ಹೋದ್ರೆ ಗಾಳಿ ಆಡ್ತದೆ. ಮೈಗೆ ದಿನಕ್ಕೆ ಎರಡು-ಮೂರು ಸಲ ನೀರು ಹಾಕಬಹುದು, ಟ್ಯಾಂಕಿಯಲ್ಲಿ ಬಿದ್ದುಕೊಳ್ಳಲಿಕ್ಕೆ ಬಿಡಬಹುದು, ಆದ್ರೆ ಲ್ಯಾಬಿನ ಜೋತುಬಿದ್ದ ಕಿವಿಯ ಒಳಗೆ ಪಸೆ ಉಳಿದ್ರೆ ನಮ್ಮ ಹವೆಯಲ್ಲಿ 4 ದಿನಕ್ಕೆ ಬೂಸಲು ಹಿಡಿದು ವಾಸನೆ ಬರ್ತದೆ, ಹತ್ತಿಯಲ್ಲಿ ಒರಸಿ. ಕುಡಿಯುವ ನೀರು ಕೆಜಿಗೆ 50-60 ಎಂಎಲ್ ಲೆಕ್ಕದಲ್ಲಿ ಬೊಳ್ಳುವಿಗೆ ದಿನಕ್ಕೆ ಎರಡು ಎರಡೂವರೆ ಲೀಟರ್, ಸೆಕೆಗೆ ಇನ್ನೂ ಜಾಸ್ತಿ, ಎರಡು ಕಡೆ ಇಡಿ, ಒಂದು ಮಗುಚಿದ್ರೆ ಇನ್ನೊಂದು ಇರ್ತದೆ. ಉಪ್ಪು-ಮೆಣಸು ಇಲ್ಲದ ನೀರು ಮಜ್ಜಿಗೆ ಸ್ವಲ್ಪ, ಬೊಂಡದ ನೀರು (ಎಳನೀರು) ಒಂದರ್ಧ ಲೋಟ ಕೊಟ್ರೆ ತೊಂದರೆ ಇಲ್ಲ, ಕಿಡ್ನಿ ತೊಂದರೆ ಇರುವ ನಾಯಿಗೆ ಬೊಂಡ ಬೇಡ. ಊಟ ಬೆಳಿಗ್ಗೆ ಬೇಗ, ರಾತ್ರಿ ತಡ. ಕಾಟು ಮಾವಿನ ಸಮಯ ಅಲ್ವಾ, ಗೊರಟು ನುಂಗದ ಹಾಗೆ ನೋಡ್ಕೊಳ್ಳಿ, ಮೇ ತಿಂಗಳಲ್ಲಿ ನಾನು ಹೊಟ್ಟೆ ಕೊಯ್ದು ತೆಗೆಯುವ ವಸ್ತುಗಳಲ್ಲಿ ಅದಕ್ಕೇ ಮೊದಲ ಸ್ಥಾನ.

ಕೊನೆಗೆ ಮಗಳ ಪಗ್. ಸತ್ಯ ಹೇಳಬೇಕಂದ್ರೆ ನನಗೆ ಬೊಳ್ಳುವಿಗಿಂತ ಜಾಸ್ತಿ ಹೆದರಿಕೆ ಇದರದ್ದೇ. ಮೂಗು ಚಪ್ಪಟೆ, ಮೂಗಿನ ಹೊಳ್ಳೆ ಸಣ್ಣ, ಗಂಟಲಿನ ಹಿಂದೆ ಮೆತ್ತಗಿನ ಅಂಗುಳ ಉದ್ದ, ಅಂದ್ರೆ ಆಗ ಹೇಳಿದ ಆ ಬಾಯಿ-ಮೂಗಿನ ಎಸಿಯೇ ಅದಕ್ಕೆ ಹುಟ್ಟುವಾಗಲೇ ಹಾಳು. ಗೊರಕೆ ಕೇಳಿ ಮುದ್ದು ಅಂತಾರೆ, ಅದು ಉಸಿರಿಗೆ ಒದ್ದಾಡುವ ಶಬ್ದ. ಮೇಲಾಗಿ ಬೆಂಗಳೂರಿನ ಒಣ ಹವೆಗೆ ಹೊಂದಿದ ನಾಯಿ, ಹೊಸ ಸೆಕೆಗೆ ಮೈ ಒಗ್ಗಲಿಕ್ಕೆ ವಾರಗಟ್ಟಲೆ ಬೇಕು, ಇದು ಇಲ್ಲಿ ಇರೂದೇ ನಾಲ್ಕು ದಿನ. ಸಾಧ್ಯ ಇದ್ರೆ ಅಲ್ಲೇ ಯಾರ ಹತ್ತಿರ ಆದ್ರೂ ಬಿಟ್ಟು ಬರ್ಲಿ ಅಂತ ನನ್ನ ಅಭಿಪ್ರಾಯ, ಆದ್ರೆ ಮಗಳು ಕೇಳಬೇಕಲ್ಲ. ತರೂದೇ ಆದ್ರೆ ರಾತ್ರಿ ಹೊರಟು ಬಿಸಿಲು ಏರುವ ಮೊದಲು ಮನೆ ಸೇರುವ ಹಾಗೆ ಬರ್ಲಿ, ಕುತ್ತಿಗೆ ಬೆಲ್ಟ್ ಬದಲು ಎದೆಗೆ ಹಾಕುವ ಹಾರ್ನೆಸ್ ಹಾಕ್ಲಿ, ಹೊರಡುವ 4 ಗಂಟೆ ಮೊದಲಿಂದ ಹೊಟ್ಟೆ ತುಂಬ ಊಟ ಬೇಡ. ಶಿರಾಡಿ ಘಾಟಿ ಇಳಿಯುವ ವರೆಗೆ ಗ್ಲಾಸ್ ತೆಗೆದಿಟ್ಟು ಆರಾಮದಲ್ಲಿ ಬಂದವರು ಕೆಳಗೆ ಮುಟ್ಟುವಾಗ ಎಸಿ ಹಾಕ್ಲಿಕ್ಕೆ ಮರೀತಾರೆ, ಉಪ್ಪಿನಂಗಡಿ-ಪುತ್ತೂರು ಬರುವಷ್ಟರಲ್ಲಿ ನಾಯಿ ಹಿಂದಿನ ಸೀಟಲ್ಲಿ ಗೊರಗೊರ ಶುರು ಮಾಡಿರ್ತದೆ, ಹಾಗಾಗಿ ಘಾಟಿಯ ಕೆಳಗೆ ಗ್ಲಾಸ್ ಏರಿಸಿ ಎಸಿ ಹಾಕಿ ಅಂತ ಈಗಲೇ ಹೇಳಿಡಿ. ಮನೆಯಲ್ಲಿ ಎಸಿ ಇರುವ ಕೋಣೆ ಯಾವುದೋ ಅದು ಆ ನಾಲ್ಕು ದಿನ ಪಗ್ಗಿಗೆ. ಬೊಳ್ಳುವಿನ ಒಟ್ಟಿಗೆ ಅಂಗಳದಲ್ಲಿ ಓಡಾಟ ರಾತ್ರಿ 8ರ ಮೇಲೆ, ಅದೂ 10 ನಿಮಿಷ. ಮತ್ತೆ ಅದನ್ನು ಟ್ಯಾಂಕಿಗೆ ಇಳಿಸಬೇಡಿ, ಪಗ್ಗಿಗೆ ಈಜ್ಲಿಕ್ಕೆ ಬರೂದಿಲ್ಲ, ಮಗ್ಗಿನಲ್ಲಿ ಹೊಯ್ದು ಫ್ಯಾನ್ ಎದುರು ನಿಲ್ಲಿಸಿದ್ರೆ ಸಾಕು.